ನಮ್ಮೂರಲ್ಲಿ ಬಡವರಿಲ್ವಾ?

ಮದುವೆ ಮನೆಯಿರಲಿ, ಚರ್ಚಿನ ಅಂಗಳವಿರಲಿ, ಆಸ್ಪತ್ರೆಯ ಡ್ಯೂಟಿ ರೂಮಿರಲಿ, ನಾನು ಆಫ್ರಿಕಾದ ಗಿನಿ ದೇಶಕ್ಕೆ ನರ್ಸ್ ಆಗಿ ಸೇವೆಗೆ ಹೋಗಿದ್ದೆ ಅಂತ ಗೊತ್ತಾದರೆ ಸಾಕು, ಒಂದೇ ಪ್ರಶ್ನೆ. "ಆಫ್ರಿಕಾಕ್ಕೆ ಯಾಕೆ ಹೋದೆ? ನಮ್ಮೂರಲ್ಲಿ ಬಡವರಿಲ್ವಾ?" ಸಂಬಳ ಇಲ್ಲ, ಊಟ ವಸತಿಯ ಖರ್ಚನ್ನೂ ನಾವೇ ಕಟ್ಟಬೇಕಿತ್ತು ಅಂತ ಹೇಳಿದಾಗ ದೊಡ್ಡಮ್ಮ ತಲೆಗೆ ಕೈ ಹಚ್ಚಿ ಕೂತುಬಿಟ್ಟರು.

ಬಡವರು ಇದ್ದಾರೆ, ದೊಡ್ಡಮ್ಮ. ನಾನು ಉಡುಪಿಯಲ್ಲಿ ನರ್ಸ್, ಅವರನ್ನು ದಿನಾ ನೋಡುತ್ತೇನೆ. ಆದರೆ ಇದೇ ಪ್ರಶ್ನೆಯನ್ನು ಸ್ವಿಟ್ಜರ್ಲೆಂಡಿನಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಅವರಿಗೂ ಯಾರೋ ಕೇಳಿರಬೇಕು ಅಂತ ನನಗೆ ಅನ್ನಿಸುತ್ತದೆ. ಅವರು ಬಂದು 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಕಟ್ಟಿದರು. ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು ಅದನ್ನೇ. ನಮ್ಮಮ್ಮ ಹುಟ್ಟಿದ್ದು ಅಲ್ಲಿ. ಎರಡು ದಿನ ಹೆರಿಗೆ ನೋವು ತಿಂದ ಅಜ್ಜಿಯನ್ನು ಎತ್ತಿನ ಗಾಡಿಯಲ್ಲಿ ತಂದಿದ್ದರಂತೆ. ಅಜ್ಜಿ ಈ ಕಥೆ ಹೇಳುವಾಗೆಲ್ಲ ಆಸ್ಪತ್ರೆ ಇದ್ದ ದಿಕ್ಕಿಗೆ ಕೈ ಮುಗಿಯುತ್ತಿದ್ದರು.

ನಾನು ಹೋಗಿದ್ದು ಮರ್ಸಿ ಶಿಪ್ಸ್ ಅನ್ನುವ ಸಂಸ್ಥೆಯ ಜೊತೆ. ಅಮೆರಿಕದ ಡಾನ್ ಸ್ಟೀಫನ್ಸ್ ದಂಪತಿ 1978ರಲ್ಲಿ ಶುರು ಮಾಡಿದ ಕ್ರೈಸ್ತ ಸೇವಾ ಸಂಸ್ಥೆ ಅದು. ಹಡಗನ್ನೇ ಆಸ್ಪತ್ರೆ ಮಾಡಿಕೊಂಡು ಬಡ ದೇಶಗಳ ಬಂದರಿಗೆ ಹೋಗುತ್ತಾರೆ. ಆಪರೇಶನ್ ಉಚಿತ. ಕರೆಂಟು, ನೀರು, ಲ್ಯಾಬು, ಎಕ್ಸ್‌ರೇ ಎಲ್ಲ ಹಡಗಿನೊಳಗೇ ಇರುತ್ತದೆ. 2018ರ ಆಗಸ್ಟಿನಿಂದ ಸುಮಾರು ಹತ್ತು ತಿಂಗಳು ಅವರ 'ಆಫ್ರಿಕಾ ಮರ್ಸಿ' ಹಡಗು ಗಿನಿಯ ರಾಜಧಾನಿ ಕೊನಾಕ್ರಿಯಲ್ಲಿ ನಿಂತಿತ್ತು. ಅದರಲ್ಲಿ ಮೂರು ತಿಂಗಳು ನಾನಿದ್ದೆ. ಈ ಹಡಗು ಮೊದಲು ಡೆನ್ಮಾರ್ಕಿನಲ್ಲಿ ರೈಲು ಬೋಗಿಗಳನ್ನೇ ಹೊತ್ತು ಸಮುದ್ರ ದಾಟಿಸುತ್ತಿತ್ತು. ಹಳಿ ಇದ್ದ ಅಂತಸ್ತಿನಲ್ಲೇ ಈಗ ವಾರ್ಡುಗಳು.

ಗಿನಿಯ ಮಣ್ಣಿನ ಕೆಳಗೆ ಬೇಕಾದಷ್ಟು ಬಾಕ್ಸೈಟ್ ಇದೆ, ಅಲ್ಯೂಮಿನಿಯಂ ಆಗುವುದು ಅದರಿಂದಲೇ. ಮಣ್ಣಿನ ಮೇಲಿನ ಜನರಿಗೆ ಮಾತ್ರ ಒಬ್ಬ ಸರ್ಜನ್ ಸಿಗುವುದು ಕಷ್ಟ. ಎಬೋಲಾ ಅನ್ನುವ ಸಾಂಕ್ರಾಮಿಕ ಜ್ವರ ಬಂದು ಹೋಗಿ ಆಗಿನ್ನೂ ಎರಡು ಮೂರು ವರ್ಷ, ಎಷ್ಟೋ ಡಾಕ್ಟರು, ನರ್ಸುಗಳೇ ತೀರಿಕೊಂಡಿದ್ದರು. ಇಲ್ಲಿಗೂ ಅಲ್ಲಿಗೂ ನಾನು ಕಂಡ ವ್ಯತ್ಯಾಸ ಇದೇ. ನಮ್ಮಲ್ಲಿ ಬಡವರಿಗೆ ಆಸ್ಪತ್ರೆಯ ಬಾಗಿಲು ತೆರೆಯುವುದು ಕಷ್ಟ. ಅಲ್ಲಿ ತಟ್ಟೋಣ ಅಂದರೆ ಬಾಗಿಲೇ ಇರಲಿಲ್ಲ.

ನನ್ನ ವಾರ್ಡಿನಲ್ಲಿ ಆರು ವರ್ಷದ ಒಂದು ಹುಡುಗಿ ಇದ್ದಳು. ಎರಡು ವರ್ಷದವಳಿದ್ದಾಗ ಒಲೆಯ ಬೆಂಕಿಗೆ ಕೈ ಇಟ್ಟಿದ್ದಳು. ಗಾಯವೇನೋ ಮಾಯಿತು. ಮಾಯುವಾಗ ಚರ್ಮ ಸೆಳೆದುಕೊಂಡು ಬಲಗೈಯ ಬೆರಳುಗಳೆಲ್ಲ ಅಂಗೈಗೆ ಅಂಟಿಬಿಟ್ಟವು. ಆಗಲೇ ಬೆರಳು ನೆಟ್ಟಗಿರುವ ಹಾಗೆ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ. ಅಲ್ಲೂ ನಮ್ಮ ಹಾಗೇ, ಊಟಕ್ಕೆ ಬಲಗೈಯೇ ಆಗಬೇಕು. ಒಂದೇ ದೊಡ್ಡ ಬಟ್ಟಲಿನ ಸುತ್ತ ಕೂತು ಎಲ್ಲರೂ ಉಣ್ಣುತ್ತಾರೆ. ಎಡಗೈಯಲ್ಲಿ ಉಣ್ಣುವ ಇವಳಿಗೆ ಮನೆಯಲ್ಲಿ ಬೇರೆ ತಟ್ಟೆ, ಬೇರೆ ಜಾಗ.

ಸರ್ಜನ್ ಅಂಟಿದ್ದನ್ನು ಬಿಡಿಸಿ, ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಹಡಗಿನಲ್ಲಿ ಜಾಗ ಕಡಿಮೆ, ರೋಗಿಯ ಜೊತೆಗಿರುವವರು ಮಲಗುವುದು ಮಂಚದ ಕೆಳಗೆ. ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ಹೋದರೆ ಕೆಳಗಿನಿಂದ ಅಪ್ಪನ ಕೈ ಮೇಲೆ ಬಂದು ಮಗಳ ಪಾದ ಹಿಡಿದುಕೊಂಡಿರುತ್ತಿತ್ತು. ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

"ಮತಾಂತರಕ್ಕೆ ಹೋಗಿದ್ದಾ?" ಅಂತಲೂ ಕೆಲವರು ನೇರವಾಗಿ ಕೇಳುತ್ತಾರೆ. ಕೇಳಲಿ, ಬೇಜಾರಿಲ್ಲ. ಗಿನಿಯಲ್ಲಿ ಹೆಚ್ಚಿನವರು ಮುಸ್ಲಿಮರು. ಆ ಅಪ್ಪ ದಿನಾ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ನಮಾಜು ಮಾಡುತ್ತಿದ್ದರು. ನಾವು ಪಾಳಿ ಶುರುವಾಗುವ ಮೊದಲು ಪ್ರಾರ್ಥನೆ ಮಾಡುತ್ತಿದ್ದೆವು. ನಾನು ಯಾಕೆ ಬಂದೆ ಅಂತ ಅವರು ಕೇಳಿದಾಗ ಯೇಸುವಿನ ಹೆಸರು ಹೇಳಿದೆ, ಮುಚ್ಚಿಡಲಿಲ್ಲ. ಅಷ್ಟೇ. ಹುಟ್ಟು ಕುರುಡನ ಕಣ್ಣಿಗೆ ಕೆಸರು ಹಚ್ಚುವ ಮೊದಲು ಯೇಸು ಅವನ ನಂಬಿಕೆ ಯಾವುದು ಅಂತ ವಿಚಾರಿಸಲಿಲ್ಲ. ಆಪರೇಶನ್ ಮುಂದಿಟ್ಟು ಧರ್ಮದ ಮಾತು ತೆಗೆಯುವುದು ನನ್ನ ಪ್ರಕಾರ ಪಾಪ.

ಇನ್ನೊಂದು ಮಾತು. ಮಿಷನ್ ಹೆಸರಲ್ಲಿ ಹತ್ತು ದಿನ ಹೋಗಿ, ಶಾಲೆ ಗೋಡೆಗೆ ಬಣ್ಣ ಬಳಿದು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಬರುವುದು ನನಗೆ ಸರಿ ಕಾಣುವುದಿಲ್ಲ. ಬಣ್ಣ ಬಳಿಯುವವರು ಆ ಊರಲ್ಲೇ ಇರುತ್ತಾರೆ, ಅವರಿಗೇ ಕೂಲಿ ಕೊಡಬಹುದಲ್ವಾ? ಅಲ್ಲಿ ಇಲ್ಲದ ಕೆಲಸ ಗೊತ್ತಿದ್ದರೆ ಹೋಗಬೇಕು, ಅದನ್ನು ಅಲ್ಲಿಯವರಿಗೆ ಕಲಿಸಿ ಬರಬೇಕು. ಹಡಗು ಒಂದು ದಿನ ಹೊರಟೇ ಹೋಗುತ್ತದೆ. ನಮ್ಮವರು ಅಲ್ಲಿಯ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಡುತ್ತಿದ್ದರು, ಅದು ಇನ್ನೂ ಜಾಸ್ತಿ ಆಗಬೇಕು ಅಂತ ನಾನು ಅಲ್ಲೂ ಹೇಳಿದೆ.

ಪಟ್ಟಿ ಬಿಚ್ಚಿದ ಮೇಲೂ ವಾರಗಟ್ಟಲೆ ವ್ಯಾಯಾಮ ಇತ್ತು. ಹುಡುಗಿ ಅಳುತ್ತಿದ್ದಳು, ಬಲೂನು ಕೊಟ್ಟರೆ ಎಡಗೈ ಚಾಚುತ್ತಿದ್ದಳು. ನಾನು ಹೊರಡುವ ವಾರ ಒಂದು ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಅನ್ನದ ಬಟ್ಟಲು ಮಧ್ಯ ಇಟ್ಟುಕೊಂಡು ಕೂತಿದ್ದರು. ಅವಳು ಬಲಗೈ ಹಾಕಿದಳು. ಅರ್ಧ ಅನ್ನ ಬೆರಳ ಸಂದಿಯಿಂದ ಉದುರಿತು. ಅಪ್ಪ ಉದುರಿದ ಅಗುಳುಗಳನ್ನು ಒಂದೊಂದಾಗಿ ಹೆಕ್ಕಿ ಅವಳ ಅಂಗೈಯಲ್ಲೇ ಇಟ್ಟರು.