ಮಿಕ್ಸಿ ಹಾಕಿದರೆ ಬೊಬ್ಬೆ ಹೊಡೆಯುವ ಇನ್ವರ್ಟರ್

ಹೆಬ್ರಿ ದಾಟಿ ಕಬ್ಬಿನಾಲೆ ಕಡೆಗೆ ಹೋದರೆ ಕಾಡಂಚಿನಲ್ಲಿ ನಮ್ಮ ಹಳೆಯ ಮನೆ. ಕರೆಂಟ್ ಕಂಬ ಅಲ್ಲಿಯವರೆಗೆ ಬಂದಿಲ್ಲ. 13 ವರ್ಷದ ಹಿಂದೆ ಅಪ್ಪ ಹಾಕಿಸಿದ ಸೋಲಾರ್ ಪ್ಯಾನೆಲ್, 12 ವೋಲ್ಟಿನ ಎರಡು ಟ್ಯೂಬ್ಯುಲಾರ್ ಬ್ಯಾಟರಿ, ಒಂದು 24 ವೋಲ್ಟಿನ ಇನ್ವರ್ಟರ್, ಇಷ್ಟೇ ಆ ಮನೆಯ ಬೆಳಕು. ಬ್ಯಾಟರಿಗಳನ್ನು ನಡುವೆ ಒಮ್ಮೆ ಬದಲಾಯಿಸಿದ್ದೇವೆ. ಇನ್ವರ್ಟರ್ ಮಾತ್ರ ಅದೇ ಹಳೆಯದು.

ಈ ಜುಲೈಯಲ್ಲಿ ಅಮ್ಮನ ಫೋನ್ ಬಂತು. "ಕಾಯಿ ಅರೆಯಲು ಮಿಕ್ಸಿ ಹಾಕಿದರೆ ಸಾಕು, ಬೊಬ್ಬೆ ಹೊಡೆದು ಮಲಗಿಬಿಡುತ್ತದೆ ಮಾರಾಯ." ರಿಪೇರಿಯವರೊಬ್ಬರನ್ನು ವಿಚಾರಿಸಿದೆ. ನೋಡದೆಯೇ, "ಬೋರ್ಡ್ ಹೋಗಿದೆ, ಹೊಸತು ತೆಗೆದುಕೊಳ್ಳಿ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ದೀಪ, ಫ್ಯಾನ್ ರಾತ್ರಿಯಿಡೀ ನಡೆಯುತ್ತವೆ. ಮಿಕ್ಸಿಗೆ ಮಾತ್ರ ಕಟ್ ಆಗುತ್ತದೆ. ಹೆಚ್ಚು ಕರೆಂಟ್ ಎಳೆದಾಗಷ್ಟೇ ತೊಂದರೆ ಎಂದರೆ, ಮೊದಲು ಸಂಶಯಪಡಬೇಕಾದದ್ದು ಆ ಕರೆಂಟ್ ಹರಿದು ಬರುವ ದಾರಿಯನ್ನು, ಅಂದರೆ ವಯರನ್ನು.

ಶನಿವಾರ ಮಳೆಯಲ್ಲೇ ಮಲ್ಟಿಮೀಟರ್ ಹಿಡಿದು ಹೋದೆ. ಸುಮ್ಮನಿದ್ದಾಗ ಬ್ಯಾಟರಿ 25.1 ವೋಲ್ಟ್. ಇದನ್ನು ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ, ಲೋಡ್ ಇಲ್ಲದಾಗ ಕೆಟ್ಟ ಬ್ಯಾಟರಿಯೂ ಒಳ್ಳೆಯದರಂತೆ ಕಾಣಿಸುತ್ತದೆ. ಅಮ್ಮನಿಗೆ ಮಿಕ್ಸಿ ಹಾಕಲು ಹೇಳಿದೆ. ಬ್ಯಾಟರಿಯ ಸೀಸದ ಮೊಳೆಗಳ (ಟರ್ಮಿನಲ್‌ಗಳ) ಮೇಲೆ 23.9. ಅಲ್ಲಿಂದ ಬಂದ ವಯರ್ ಸೇರುವ ಇನ್ವರ್ಟರಿನ ಬಾಯಲ್ಲಿ 20.8. 21ರ ಆಸುಪಾಸಿನಲ್ಲಿ ಅದು ತಾನಾಗಿ ಕಟ್ ಆಗಬೇಕು, ಆಗುತ್ತಿತ್ತು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಮೂರು ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಮುಳ್ಳನ್ನು ಮೈನಸ್ ಮೊಳೆಯ ಮೇಲೆ, ಇನ್ನೊಂದನ್ನು ಅದೇ ವಯರಿನ ಆಚೆ ತುದಿಗೆ ಇಟ್ಟೆ. ಮಿಕ್ಸಿ ತಿರುಗಿದೊಡನೆ 2.7. ಅಲ್ಲಿ ಚೂರುಪಾರು ಬಿಟ್ಟರೆ ಏನೂ ಬರಬಾರದು. 25 ಆಂಪಿಯರ್ ಲೆಕ್ಕ ಹಿಡಿದರೂ 65 ವಾಟಿಗಿಂತ ಹೆಚ್ಚು ಆ ಒಂದು ವಯರಿನಲ್ಲೇ ಬಿಸಿಯಾಗಿ ಹೋಗುತ್ತಿತ್ತು. ವಯರನ್ನು ಮೊಳೆಗೆ ಬಿಗಿಯುವ ಲೋಹದ ತುದಿಯನ್ನು, ಅಂದರೆ ಲಗ್ಗನ್ನು, ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಪ್ಯಾನೆಲ್ ವಯರನ್ನು ಮೊದಲು, ಬ್ಯಾಟರಿಯನ್ನು ಆಮೇಲೆ ಬಿಚ್ಚಿದೆ. ಈ ಕ್ರಮ ತಪ್ಪಿದರೆ, ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಕೆಡಬಹುದು. ಲಗ್ ಹೊರಗಿನಿಂದ ಹೊಳೆಯುತ್ತಿತ್ತು. ವಯರಿನ ಮೇಲಿನ ಕಪ್ಪು ತೊಗಟೆಯನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರದ ಎಳೆಗಳೇ ಇರಲಿಲ್ಲ ಎನ್ನಬೇಕು. ಹಸಿರು ಕಿಲುಬು, ಅದರ ಕೆಳಗೆ ಉಗುರಿಗೆ ಉದುರುವ ಕಪ್ಪು ಪುಡಿ. ಆಸಿಡ್ ಎಳೆಗಳ ಸಂದಿನಲ್ಲಿ ನಾಲ್ಕು ಬೆರಳಿನಷ್ಟು ಮೇಲೇರಿತ್ತು. ಹಾಳಾದಷ್ಟನ್ನು ಕತ್ತರಿಸಿ, ಹೊಸ ಲಗ್ ಒತ್ತಿಸಿ, ಮೊಳೆಯನ್ನು ಅಡಿಗೆ ಸೋಡಾದ ನೀರಿನಲ್ಲಿ ತೊಳೆದು ಒರೆಸಿ, ಬಿಗಿ ಮಾಡಿ ವ್ಯಾಸಲೀನ್ ಸವರಿದೆ.

ಬಿಚ್ಚಿದ್ದೇ ಆಗಿದೆಯಲ್ಲ ಎಂದು ಇನ್ವರ್ಟರಿನ ಮುಚ್ಚಳವನ್ನೂ ತೆಗೆದೆ. ಬ್ಯಾಟರಿ ಬಿಚ್ಚಿದ ಮೇಲೂ, ವಿದ್ಯುತ್ತನ್ನು ಹಿಡಿದಿಡುವ ಕಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಇಟ್ಟು ಅದನ್ನು ಖಾಲಿ ಮಾಡಿ, ಮೀಟರ್ ಸೊನ್ನೆಗೆ ಇಳಿಯುವವರೆಗೆ ನಾನು ಕೈ ಹಾಕುವುದಿಲ್ಲ. ಒಳಗೆ ಹಲ್ಲಿ ಮೊಟ್ಟೆಯ ಚಿಪ್ಪು, ಜೇಡರ ಬಲೆ, ತಿರುಗದೆ ನಿಂತ ಫ್ಯಾನ್. ಅದರ ಬಳಿಯೇ ಎರಡು ಕಪಾಸಿಟರ್‌ಗಳ ನೆತ್ತಿ ಉಬ್ಬಿತ್ತು. ಕಪಾಸಿಟರಿಗೆ ಸೆಖೆಯೇ ಶತ್ರು: ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರ ಲೆಕ್ಕ. ಉಡುಪಿಯಿಂದ 105 ಡಿಗ್ರಿ ಬಿಸಿ ತಾಳುವ ಕಪಾಸಿಟರ್‌ಗಳನ್ನೇ ತಂದು ಮುಂದಿನ ವಾರ ಬೆಸುಗೆ ಹಾಕಿದೆ, ಫ್ಯಾನನ್ನೂ ಬದಲಾಯಿಸಿದೆ. ಇಷ್ಟು ವರ್ಷ ಇನ್ವರ್ಟರ್ ಬ್ಯಾಟರಿಯ ನೇರ ಮೇಲೆ, ಅದರ ಆವಿ ಕುಡಿಯುತ್ತಾ ಕುಳಿತಿತ್ತು. ಈಗ ಚಾವಡಿಯ ಇನ್ನೊಂದು ಗೋಡೆಗೆ ಸರಿಸಿದ್ದೇನೆ.

ಮಿಕ್ಸಿ ಹಾಕಿದಾಗ ಇನ್ವರ್ಟರಿನ ಬಾಯಲ್ಲಿ ಈಗ 23.6. ಅಮ್ಮ ಒಂದೇ ಸಲಕ್ಕೆ ಇಡೀ ಕಾಯಿ ಅರೆದರು.

ಬ್ಯಾಟರಿಯ ಒಂದು ಕೋಶ ಮಾತ್ರ ಮನಸ್ಸನ್ನು ಕೊರೆಯುತ್ತಿದೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಉಳಿದವೆಲ್ಲ 1.230 ತೋರಿಸುವಾಗ ಅದು 1.190ರಲ್ಲಿದೆ. ಮಳೆಗಾಲದಲ್ಲಿ ಪೂರ್ತಿ ಚಾರ್ಜ್ ಆಗದ ಅರೆಹೊಟ್ಟೆಯಿಂದ ಹೀಗಾಗಿರಬಹುದು. ಡಿಸ್ಟಿಲ್ಡ್ ವಾಟರ್ ತುಂಬಿಸಿಟ್ಟಿದ್ದೇನೆ. ದೀಪಾವಳಿಗೆ ಹೋದಾಗ, ನಾಲ್ಕು ದಿನ ಒಳ್ಳೆಯ ಬಿಸಿಲು ಸಿಕ್ಕಿದ ಮೇಲೆ, ಮತ್ತೊಮ್ಮೆ ಅಳೆಯುತ್ತೇನೆ.