ಹಳೇ ಗ್ಯಾಂಟ್ರಿಗೆ ಹೊಸ ಮೋಟರ್: ಲೆಕ್ಕ ಹಾಕಿದ್ಮೇಲೆ ಪ್ಲ್ಯಾನೇ ಬದಲಾಯ್ತು

ಈ ವಾರ ಪೂರ್ತಿ ಲೆಕ್ಕದಲ್ಲೇ ಹೋಯ್ತು, ನನ್ನ ಮರ ಕೊರೆಯೋ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳ್ದಂಗೆ ಕೊರೆಯೋದು) ಮುಟ್ಟಿದ್ದು ಒಂದೇ ದಿನ. ಗ್ಯಾಂಟ್ರಿ ಅಂದ್ರೆ ಅದರಲ್ಲಿ ಸ್ಪಿಂಡಲ್ ಹೊತ್ತು ಓಡೋ ಸೇತುವೆ ಥರದ ಭಾಗ. ಉದ್ದದ ಆಕ್ಸಿಸ್ ನಿಮಿಷಕ್ಕೆ 3 ಮೀಟರ್ ದಾಟಿದ್ರೆ ಅದರ ಸ್ಟೆಪ್ಪರ್ ಮೋಟರ್‌ಗೆ (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಮೋಟರ್) ಸ್ಟೆಪ್ ಮಿಸ್ ಆಗುತ್ತೆ. ಗ್ಯಾಂಟ್ರಿ ಓಡಿಸೋ ಸ್ಕ್ರೂನ ಲೀಡ್ (ಒಂದು ಸುತ್ತಿಗೆ ಸರಿಯೋ ದೂರ) 5 ಎಂಎಂ, ಅಂದ್ರೆ ಮೋಟರ್ 600 ಆರ್‌ಪಿಎಂಗೇ ಕೈ ಎತ್ತುತ್ತೆ. ನಂಗೆ ಬೇಕಿರೋದು 12 ಮೀಟರ್.

ಮೊದ್ಲು ನೆಮಾ 34 (ಮೋಟರ್ ಮುಖದ ಅಳತೆಯ ಸ್ಟ್ಯಾಂಡರ್ಡ್), 8.5 ಎನ್‌ಎಂ (ನ್ಯೂಟನ್ ಮೀಟರ್, ತಿರುಗಿಸೋ ಬಲ ಅಂದ್ರೆ ಟಾರ್ಕ್‌ನ ಅಳತೆ) ಸ್ಟೆಪ್ಪರ್ ಹಾಕೋಣ ಅಂತಿದ್ದೆ. ಆದ್ರೆ ಆ 8.5 ಅನ್ನೋದು ಮೋಟರ್ ನಿಂತಿರುವಾಗಿನ ಹೋಲ್ಡಿಂಗ್ ಟಾರ್ಕ್, ಸ್ಪೀಡ್ ಏರ್ತಾ ಏರ್ತಾ ಬ್ಯಾಕ್ ಇಎಂಎಫ್ (ತಿರುಗೋ ಮೋಟರೇ ಹುಟ್ಟಿಸೋ ಎದುರು ವೋಲ್ಟೇಜ್) ಜಾಸ್ತಿ ಆಗುತ್ತೆ, ಇಂಡಕ್ಟೆನ್ಸ್‌ನಿಂದ (ಕರೆಂಟ್ ಬದಲಾಗೋದನ್ನ ತಡೆಯೋ ಗುಣ) ಕಾಯಿಲ್‌ಗೆ ಕರೆಂಟ್ ತುಂಬೋಕೆ ಟೈಮೇ ಸಿಗಲ್ಲ, ಟಾರ್ಕ್ ಬಿದ್ದೋಗುತ್ತೆ. ಡ್ರೈವ್ ವೋಲ್ಟೇಜ್‌ಗೆ ಒಂದು ಅಂದಾಜು ಲೆಕ್ಕ ಇದೆ, ಮಿಲಿಹೆನ್ರಿಯಲ್ಲಿರೋ ಇಂಡಕ್ಟೆನ್ಸ್‌ನ ವರ್ಗಮೂಲಕ್ಕೆ 32ರಿಂದ ಗುಣಿಸೋದು. ನನ್ನ ಹಳೇ ಮೋಟರ್ 6.8 ಮಿಲಿಹೆನ್ರಿ, ಲೆಕ್ಕಕ್ಕೆ 83 ವೋಲ್ಟ್ ಬರುತ್ತೆ, ನಾನು ಕೊಡ್ತಿದ್ದಿದ್ದು 36! 48ಕ್ಕೆ ಏರಿಸಿ ನೋಡ್ದೆ, ಬೇರೆ ಏನೂ ಮುಟ್ಟದೇ 4 ಮೀಟರ್ ತನಕ ಓಡ್ತು.

ಇನ್ನು ಸ್ಕ್ರೂ. 5 ಎಂಎಂ ಲೀಡ್‌ನಲ್ಲಿ 12 ಮೀಟರ್ ಬೇಕಂದ್ರೆ 2400 ಆರ್‌ಪಿಎಂ, 1.2 ಮೀಟರ್ ಉದ್ದದ 16 ಎಂಎಂ ಸ್ಕ್ರೂ ಅಷ್ಟು ತಿರುಗಿದ್ರೆ ಹಗ್ಗ ಬೀಸ್ದಂಗೆ ಬೀಸುತ್ತೆ, ಅದರ ಸೇಫ್ ಲಿಮಿಟ್ ಸುಮಾರು 1100. ಹಂಗಾಗಿ 20 ಎಂಎಂ ದಪ್ಪ, 10 ಎಂಎಂ ಲೀಡ್ ಬಾಲ್ ಸ್ಕ್ರೂಗೆ (ನಟ್ ಒಳಗೆ ಗುಂಡುಗಳ ಮೇಲೆ ಉರುಳೋ ಸ್ಕ್ರೂ) ಬಂದೆ, 1200 ಆರ್‌ಪಿಎಂ ಸಾಕು.

ಇಷ್ಟಾದ್ಮೇಲೆ ಇನರ್ಷಿಯಾ (ತಿರುಗೋ ವೇಗ ಬದಲಾಗೋದಕ್ಕೆ ಅಡ್ಡ ಬರೋ ಜಡತ್ವ) ಲೆಕ್ಕ ಹಾಕ್ದೆ, ಇಲ್ಲೇ ನಂಗೆ ನಿಜವಾಗ್ಲೂ ಆಶ್ಚರ್ಯ ಆಗಿದ್ದು. ಗ್ಯಾಂಟ್ರಿ 40 ಕೆಜಿ, ಅದು ಮೋಟರ್ ಶಾಫ್ಟ್‌ಗೆ ಕಾಣೋದು ಬರೀ 1 ಕೆಜಿ ಸೆಂಮೀ ಸ್ಕ್ವೇರ್. ಸ್ಕ್ರೂ ಒಂದೇ 1.5. ಆ ದೊಡ್ಡ ಸ್ಟೆಪ್ಪರ್‌ನ ರೋಟರ್ (ಒಳಗೆ ತಿರುಗೋ ಭಾಗ) 2.7! ಅಂದ್ರೆ 40 ಕೆಜಿ ಎಳೆಯೋದಕ್ಕಿಂತ ತನ್ನ ರೋಟರ್ ತಾನೇ ತಿರುಗಿಸ್ಕೊಳ್ಳೋಕೆ ಅದು ಜಾಸ್ತಿ ಟಾರ್ಕ್ ಖರ್ಚು ಮಾಡುತ್ತೆ. ಅದೇ 400 ವ್ಯಾಟ್ ಎಸಿ ಸರ್ವೋ (ತನ್ನ ಸ್ಥಾನ ತಾನೇ ಅಳೆದು ಸರಿ ಮಾಡ್ಕೊಳ್ಳೋ ಮೋಟರ್) ರೋಟರ್ 0.3ರ ಆಸುಪಾಸು. 2 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಆಕ್ಸಿಲರೇಷನ್‌ಗೆ ಘರ್ಷಣೆ ಸೇರಿ 0.42 ಎನ್‌ಎಂ ಸಾಕು, ಸರ್ವೋ ರೇಟಿಂಗ್ 1.27, ಅದೂ 3000 ಆರ್‌ಪಿಎಂವರೆಗೆ. ಲೋಡ್ ಇನರ್ಷಿಯಾ ರೋಟರ್‌ಗಿಂತ 8 ಪಟ್ಟು ಆಗುತ್ತೆ, ಟ್ಯೂನಿಂಗ್ ಹುಷಾರಾಗಿ ಮಾಡ್ಬೇಕು, ಆದ್ರೂ ನಡೆಯುತ್ತೆ.

ಸೋ ಉದ್ದದ ಆಕ್ಸಿಸ್‌ಗೆ ಸರ್ವೋ ಫೈನಲ್. ಝಡ್‌ಗೆ (ಮೇಲೆ ಕೆಳಗೆ ಹೋಗೋ ಆಕ್ಸಿಸ್) ಹಳೇ ಸ್ಟೆಪ್ಪರೇ ಇರ್ಲಿ, ಅಲ್ಲಿ ಸ್ಪೀಡ್ ಬೇಕಿಲ್ಲ, ಮುಂದೆ ಅಲ್ಲೂ ಬಾಲ್ ಸ್ಕ್ರೂ ಹಾಕಿದ್ರೆ ಮಾತ್ರ ಬ್ರೇಕ್ ಇರೋ ಮೋಟರೇ ಬೇಕು, ಇಲ್ಲಾಂದ್ರೆ ಪವರ್ ಹೋದಾಗ ಸ್ಪಿಂಡಲ್ ತಾನಾಗೇ ಕೆಳಗೆ ಜಾರುತ್ತೆ.

ಕಂಟ್ರೋಲರ್ ಹಳೇ 8 ಬಿಟ್ ಜಿಆರ್‌ಬಿಎಲ್ (ಮೆಷಿನ್ ಓಡಿಸೋ ಸಾಫ್ಟ್‌ವೇರ್), ಸೆಕೆಂಡ್‌ಗೆ 30,000 ಪಲ್ಸ್ (ಮೋಟರ್ ಡ್ರೈವ್‌ಗೆ ಕಳಿಸೋ ಸಿಗ್ನಲ್) ಅದರ ಮಿತಿ. ಸರ್ವೋ ಡ್ರೈವ್‌ನಲ್ಲಿ ಒಂದು ಸುತ್ತಿಗೆ 1000 ಪಲ್ಸ್ ಸೆಟ್ ಮಾಡಿದ್ರೆ 20,000ದಲ್ಲಿ ಮುಗಿಯುತ್ತೆ, ಒಂದು ಪಲ್ಸ್‌ಗೆ 0.01 ಎಂಎಂ, ನನ್ನ ಮರದ ಕೆಲಸಕ್ಕೆ ಧಾರಾಳ. ನಾಳೆ 60 ಎಂಎಂ ಫ್ಲಾಂಜ್‌ಗೆ ಹೊಸ ಮೌಂಟಿಂಗ್ ಪ್ಲೇಟ್ ಕೊರೀಬೇಕು, ಶಾಫ್ಟ್ 14 ಎಂಎಂ ಇರೋದ್ರಿಂದ ಹಳೇ ಕಪ್ಲಿಂಗ್ (ಮೋಟರ್ ಶಾಫ್ಟ್‌ನ ಸ್ಕ್ರೂಗೆ ಜೋಡಿಸೋ ಭಾಗ) ಕೂರಲ್ಲ, ಅದೂ ಬದಲಾಯಿಸ್ಬೇಕು.