ಮೊದಲ ಕುರ್ಚಿಯಿಂದ ರೇಜ್

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯಿದೆ ಮಾಡಿ ನಿಷೇಧಿಸಿದ ಮೇಲೆ, ಮೊಬೈಲಿನಲ್ಲಿ ಪೋಕರ್ ಕಲಿತಿದ್ದ ನಾನು ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಂತಿರುವ ಕ್ಯಾಸಿನೊ ಹಡಗುಗಳ ದಾರಿ ಹಿಡಿದೆ. ಎರಡು ಮೂರು ತಿಂಗಳಿಗೊಮ್ಮೆ ಪುಣೆಯಿಂದ ರಾತ್ರಿ ಬಸ್ಸಿಗೆ ಹೋಗಿ, 50–100ರ ಟೇಬಲ್ಲಿನಲ್ಲಿ (ಪ್ರತಿ ಕೈಗೂ ಮೊದಲೇ ಇಬ್ಬರು ಬ್ಲೈಂಡ್ ಎಂದು ಕಡ್ಡಾಯವಾಗಿ 50, 100 ಇಡುವ ಟೇಬಲ್) 10,000 ರೂಪಾಯಿಯ ಚಿಪ್ಸ್ ಇಟ್ಟುಕೊಂಡು ಕೂರುತ್ತೇನೆ. ಮೊಬೈಲಿನಿಂದ ಹೊತ್ತು ತಂದ ಒಂದು ರೂಢಿ ಅಲ್ಲಿ ನನಗೆ ದುಬಾರಿಯಾಯಿತು. ಆ 100 ಇಡುವ ಬಿಗ್ ಬ್ಲೈಂಡಿನ ಪಕ್ಕದ ಕುರ್ಚಿಯಲ್ಲಿ, ಅಂದರೆ ಎಲ್ಲರಿಗಿಂತ ಮೊದಲು ನಿರ್ಧರಿಸಬೇಕಾದ ಜಾಗದಲ್ಲಿ ಕುಳಿತಾಗಲೂ, ಎಲೆ ಒಂದಿಷ್ಟು ಚೆನ್ನಾಗಿ ಕಂಡರೆ ಸಾಕು, ಪಣವನ್ನು 300ಕ್ಕೆ ಏರಿಸಿ ರೇಜ್ ಮಾಡಿಬಿಡುತ್ತಿದ್ದೆ.

ಒಂದು ರಾತ್ರಿ ಆ ಕುರ್ಚಿಯಲ್ಲಿ ನನಗೆ ಡೈಮಂಡ್ ಎಕ್ಕ, ಕಳಾವರ್ ಗುಲಾಮ ಬಂದವು. 300 ಇಟ್ಟೆ, ನಾಲ್ವರು ಅಷ್ಟೇ ಇಟ್ಟು ಕಾಲ್ ಮಾಡಿದರು, ಬ್ಲೈಂಡುಗಳ 150 ಸೇರಿ ಪಾಟ್, ಅಂದರೆ ನಡುವೆ ಕೂಡಿದ ಹಣ, 1,650 ಆಯಿತು. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿದಂತೆ ತೆರೆದಿಡುವ ಮೊದಲ ಮೂರು ಎಲೆಗಳಲ್ಲಿ, ಎಕ್ಕ, ಎಂಟು, ಮೂರು ಬಿದ್ದಾಗ ಕೈ ನನ್ನದೇ ಎಂದುಕೊಂಡು 800 ಇಟ್ಟೆ, ಇಬ್ಬರು ಉಳಿದರು. ನಾಲ್ಕನೆಯ ಎಲೆಗೆ, ಅಂದರೆ ಟರ್ನ್‌ನಲ್ಲಿ, 2,000 ಇಟ್ಟಾಗ ಒಬ್ಬರೇ ಉಳಿದರು. ಐದನೆಯ, ಕೊನೆಯ ಎಲೆಯಾದ ರಿವರ್‌ನಲ್ಲಿ ನಾನು ಏನೂ ಇಡದೆ ಚೆಕ್ ಮಾಡಿದ ಕೂಡಲೇ ಅವರು 4,000 ಮುಂದೆ ತಳ್ಳಿದರು, ನಾನು ಕಾಲ್ ಮಾಡಿದೆ. ಅವರ ಕೈಯಲ್ಲಿದ್ದದ್ದು ಎಕ್ಕ, ರಾಣಿ. ಹುಬ್ಬಳ್ಳಿ ಕಡೆಯ ಆ ಹಿರಿಯರು ಚಿಪ್ಸ್ ಜೋಡಿಸಿಕೊಳ್ಳುತ್ತ, "ಎಕ್ಕ ಬಿದ್ರ ಆತೇನ್ರೀ, ಅದರ ಜೋಡಿ ಇರೋ ಎಲಿನೂ ನೋಡ್ಬೇಕ್ರೀ" ಎಂದರು. ನಾನು ಕಾಯುತ್ತಿದ್ದ ಎಲೆ ಬಂದದ್ದರಿಂದಲೇ 7,100 ರೂಪಾಯಿ ಕಳೆದುಕೊಂಡಿದ್ದೆ.

ಒಂಬತ್ತು ಜನರ ಟೇಬಲ್ಲಿನಲ್ಲಿ ಆ ಕುರ್ಚಿಯ ಹಿಂದೆ ಎಂಟು ಜನ ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಎರಡೆಲೆಗಳ ಕೈಗಳು ಒಟ್ಟು 1,326. ತೀರ ಬಲವಾದ ಕೈಗಳಾದ ರಾಣಿ ಜೋಡಿ, ರಾಜನ ಜೋಡಿ, ಎಕ್ಕದ ಜೋಡಿ ಮತ್ತು ಎಕ್ಕ–ರಾಜ ಇವಿಷ್ಟೇ ಸೇರಿ ಅದರಲ್ಲಿ 34 ಆಗುತ್ತವೆ. ಎಂಟು ಜನರಲ್ಲಿ ಒಬ್ಬರಿಗಾದರೂ ಇಂಥದ್ದೊಂದು ಬಂದಿರುವ ಸಂಭವ ಹೆಚ್ಚುಕಡಿಮೆ ಐದಕ್ಕೆ ಒಂದು. ಬಟನ್ನಿನಲ್ಲಿ, ಅಂದರೆ ಬ್ಲೈಂಡ್ ಇಡುವ ಇಬ್ಬರಿಗೂ ಮುಂಚಿನ ಕುರ್ಚಿಯಲ್ಲಿ, ಕುಳಿತವನಿಗೆ ಹಿಂದೆ ಇರುವವರು ಇಬ್ಬರೇ ಆದ್ದರಿಂದ ಅದು ಇಪ್ಪತ್ತಕ್ಕೆ ಒಂದು. ಮೊಬೈಲಿನಲ್ಲಿ ನಾನು ಆಡುತ್ತಿದ್ದ ಟೇಬಲ್ಲುಗಳಲ್ಲಿ ಮೊದಲ ಕುರ್ಚಿಯ ರೇಜಿಗೆ ಹೆಚ್ಚಿನವರು ಎಲೆ ಬಿಸಾಡುತ್ತಿದ್ದರು. ಹಡಗಿನ ಟೇಬಲ್ಲಿನಲ್ಲಿ ಹಾಗಲ್ಲ. ಅಷ್ಟು ದೂರದಿಂದ ಆಡಲೆಂದೇ ಬಂದವರು 300 ರೂಪಾಯಿಗೆ ಎಲೆ ಬಿಡುವುದಿಲ್ಲ, ಎಕ್ಕ–ರಾಣಿ ಇದ್ದರೂ ಮರುರೇಜ್ ಮಾಡದೆ ಸುಮ್ಮನೆ ಕಾಲ್ ಮಾಡುತ್ತಾರೆ. ಎದುರಿಗೆ ಯಾವುದೋ ಒಂದೇ ಕೈ ಇದ್ದಾಗ ನೂರಕ್ಕೆ 85 ಸಲ ಗೆಲ್ಲುವ ಎಕ್ಕದ ಜೋಡಿಯೂ ಅಂಥ ನಾಲ್ಕು ಕೈಗಳ ಎದುರು 56ಕ್ಕೆ ಇಳಿಯುತ್ತದೆ.

ಈಗ ಅಲ್ಲಿಂದ ರೇಜ್ ಮಾಡಿದರೆ 500 ಅಥವಾ 600ಕ್ಕೆ ಮಾಡುತ್ತೇನೆ, ಎಕ್ಕದ ಜೋಡಿಗೂ ಒಂಬತ್ತರ ಜೋಡಿಗೂ ಅಷ್ಟೇ. ಒಳ್ಳೆಯ ಎಲೆಗೆ ಹೆಚ್ಚು, ಸಾಧಾರಣ ಎಲೆಗೆ ಕಡಿಮೆ ಇಟ್ಟರೆ ಎರಡು ಸುತ್ತಿನೊಳಗೆ ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಬೇರೆ ಬೇರೆ ಜಾತಿಯ ಎಕ್ಕ–ಗುಲಾಮ, ರಾಜ–ಗುಲಾಮ, ರಾಜ–ರಾಣಿಗಳನ್ನು ಆ ಕುರ್ಚಿಯಲ್ಲಿ ಪೂರ್ತಿ ಬಿಟ್ಟಿದ್ದೇನೆ. ಒಂದೇ ಜಾತಿಯ ಎಕ್ಕ–ಗುಲಾಮವನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಏಕೆಂದರೆ ಹೆಚ್ಚು ಜನ ಒಳಗೆ ಬಂದಾಗ ಐದೂ ಎಲೆ ಒಂದೇ ಜಾತಿಯವಾಗಿ ಫ್ಲಶ್ ಆದರೆ ಅದರ ಬೆಲೆಯೂ ಹೆಚ್ಚುತ್ತದೆ.

ಚಿಕ್ಕ ಜೋಡಿಗಳ ವಿಚಾರದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಫ್ಲಾಪಿನಲ್ಲಿ ಅದೇ ಅಂಕಿಯ ಮೂರನೆಯದು ಕೂಡುವುದು ನೂರಕ್ಕೆ ಸುಮಾರು 12 ಸಲ. ಉಳಿದ 88 ಸಲ 600 ಕಳೆದುಕೊಳ್ಳುವುದಕ್ಕಿಂತ, ಮರುರೇಜ್ ಅಪರೂಪವಾಗಿರುವ ಟೇಬಲ್ಲಿನಲ್ಲಿ 100ಕ್ಕೇ ಒಳಗೆ ಹೋಗುವುದು ವಾಸಿ ಎಂದು ಸದ್ಯಕ್ಕೆ ಹಾಗೆಯೇ ಆಡುತ್ತಿದ್ದೇನೆ.